ಮುಂಬಯಿ–ಮಂಗಳೂರು: ಆಕಾಶದ ದೂರ, ಮನೆಬಾಗಿಲಿನ ದೂರ

ಮುಂಬಯಿಯಿಂದ ಊರಿಗೆ ಹೋದವರು ಅಂಗಳಕ್ಕೆ ಕಾಲಿಟ್ಟೊಡನೆ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವಾಗ ಹೊರಟದ್ದು?" ಎಷ್ಟು ಕಿಲೋಮೀಟರು ಎಂದಾಗಲಿ, ಎಷ್ಟು ಗಂಟೆಯ ಪ್ರಯಾಣ ಎಂದಾಗಲಿ ಅವರು ಕೇಳುವುದಿಲ್ಲ. ಹೊರಟ ಹೊತ್ತು ತಿಳಿದರೆ ಸಾಕು. ಉಳಿದ ಲೆಕ್ಕವನ್ನು ಅವರೇ ಮಾಡಿಕೊಂಡು, ಸ್ನಾನಕ್ಕೆ ಬಿಸಿನೀರು ಮೊದಲೋ ಊಟ ಮೊದಲೋ ಎಂಬುದನ್ನು ನಿರ್ಧರಿಸುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಬದಲಾಗಿದೆ. "ವಿಮಾನದಲ್ಲಿ ಬಂದೆವು, ಒಂದೂವರೆ ಗಂಟೆ ಅಷ್ಟೆ" ಎನ್ನುತ್ತೇವೆ. ಟಿಕೆಟಿನಲ್ಲಿ ಮುದ್ರಿತವಾಗಿರುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಡೊಂಬಿವಲಿಯ ಮನೆಗೆ ಬೀಗ ಹಾಕಿದ ಹೊತ್ತಿನಿಂದ ಉಡುಪಿ ಅಥವಾ ಕುಂದಾಪುರದ ಕಡೆಯ ಮನೆಯ ಅಂಗಳ ತುಳಿಯುವ ಹೊತ್ತಿನವರೆಗೆ ಎಣಿಸಿದರೆ, ಆ ಒಂದೂವರೆ ಗಂಟೆ ಏಳೆಂಟು ಗಂಟೆಗಳಾಗಿ ಬೆಳೆದಿರುತ್ತದೆ. ಟಿಕೆಟು ಹೇಳುವುದು ಸುಳ್ಳಲ್ಲ, ಹಿರಿಯರ ಲೆಕ್ಕವೂ ತಪ್ಪಲ್ಲ. ಈ ಎರಡರ ನಡುವಿನ ಅಂತರ ಎಲ್ಲಿಂದ ಬಂತು, ಅದನ್ನು ತಿಳಿದಿರುವುದರಿಂದ ನಮಗೇನು ಪ್ರಯೋಜನ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾವು ವಿಮಾನಶಾಸ್ತ್ರ ಬಲ್ಲವರಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು, ಮೂರು ದಶಕಗಳಿಗೂ ಮಿಕ್ಕಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತವರು. ಆದರೆ ಈ ಹಾದಿಯನ್ನು ಬಸ್ಸಿನಲ್ಲಿ, ರೈಲಿನಲ್ಲಿ, ವಿಮಾನದಲ್ಲಿ ಅನೇಕ ಬಾರಿ ಸವೆಸಿದ್ದೇವೆ; ಒಮ್ಮೆ ತಲುಪಬೇಕಾದ ಹೊತ್ತಿಗೆ ತಲುಪಲಾಗದೆ ಹೋಗಿದ್ದೇವೆ. ಈ ಲೆಕ್ಕವನ್ನು ಕೂಡಿ ಕಳೆದು ನೋಡುವ ಹಂಬಲ ಹುಟ್ಟಿದ್ದು ಅಲ್ಲಿಂದಲೇ.

ಗೆರೆ ಎಳೆದರೆ ಎಷ್ಟು ದೂರ?

ಎರಡು ಊರುಗಳ ನಡುವಿನ ವಿಮಾನದ ದೂರ ಎಂದಾಗ, ಸಾಮಾನ್ಯವಾಗಿ ಭೂಮಿಯ ಮೇಲ್ಮೈಯನ್ನು ಅನುಸರಿಸಿ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದವನ್ನು ಹೇಳುತ್ತಾರೆ. ಭೂಮಿ ದುಂಡಗಿರುವುದರಿಂದ ಈ ಗೆರೆ ನಿಜವಾಗಿ ಒಂದು ದೊಡ್ಡ ವೃತ್ತದ ತುಂಡು. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಲಂಡನ್ನು, ನ್ಯೂಯಾರ್ಕುಗಳಂಥ ದೂರದ ಊರುಗಳ ಸಂಗತಿಯಲ್ಲಿ ಈ ಗೆರೆ ಚಪ್ಪಟೆ ನಕ್ಷೆಯ ಮೇಲೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಮುಂಬಯಿ–ಮಂಗಳೂರಿನಂಥ ಹತ್ತಿರದ ಊರುಗಳಿಗೆ ಮಾತ್ರ ಶಾಲೆಯಲ್ಲಿ ಕಲಿತ ಗಣಿತವೇ ಸಾಕು.

ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣ ಸುಮಾರು 19 ಡಿಗ್ರಿ 5 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ; ಮಂಗಳೂರಿನ ಬಜಪೆ ನಿಲ್ದಾಣ 12 ಡಿಗ್ರಿ 58 ನಿಮಿಷದಲ್ಲಿದೆ. ವ್ಯತ್ಯಾಸ 6 ಡಿಗ್ರಿ 7 ನಿಮಿಷ. ಒಂದು ಡಿಗ್ರಿಗೆ 60 ನಿಮಿಷಗಳಂತೆ ಒಟ್ಟು 367 ನಿಮಿಷ. ನಾವಿಕರು ಮತ್ತು ವೈಮಾನಿಕರು ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದು ಇದೇ ಅಳತೆಯಿಂದ: ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರು. ಆದುದರಿಂದ ಮಂಗಳೂರು ಮುಂಬಯಿಗಿಂತ 367 ನಾಟಿಕಲ್ ಮೈಲಿ ದಕ್ಷಿಣಕ್ಕಿದೆ.

ಇನ್ನು ಪೂರ್ವ ಪಶ್ಚಿಮದ ಲೆಕ್ಕ. ಎರಡೂ ಊರುಗಳು ಅರಬೀ ಸಮುದ್ರದ ದಂಡೆಯಲ್ಲೇ ಇದ್ದರೂ ದಂಡೆ ನೇರವಾಗಿ ದಕ್ಷಿಣಕ್ಕೆ ಇಳಿಯದೆ ಸ್ವಲ್ಪ ಪೂರ್ವಕ್ಕೆ ಓರೆಯಾಗುತ್ತದೆ. ಮುಂಬಯಿಯ ರೇಖಾಂಶ 72 ಡಿಗ್ರಿ 52 ನಿಮಿಷ, ಮಂಗಳೂರಿನದು 74 ಡಿಗ್ರಿ 53 ನಿಮಿಷ. ವ್ಯತ್ಯಾಸ 121 ನಿಮಿಷ. ಆದರೆ ರೇಖಾಂಶದ ಗೆರೆಗಳು ಧ್ರುವಗಳ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ನಮ್ಮ ಭಾಗದಲ್ಲಿ ಈ ಒಂದು ನಿಮಿಷದ ಬೆಲೆ 0.96 ನಾಟಿಕಲ್ ಮೈಲಿ ಮಾತ್ರ. ಹಾಗಾಗಿ ಪೂರ್ವಕ್ಕೆ 116 ನಾಟಿಕಲ್ ಮೈಲಿ. 367 ಮತ್ತು 116ನ್ನು ಲಂಬಕೋನ ತ್ರಿಕೋನದ ಎರಡು ಬಾಹುಗಳೆಂದು ಭಾವಿಸಿ ಮೂರನೆಯ ಬಾಹುವನ್ನು ಕಂಡುಹಿಡಿದರೆ 385 ನಾಟಿಕಲ್ ಮೈಲಿ ದೊರೆಯುತ್ತದೆ. ಎಂದರೆ ಸುಮಾರು 713 ಕಿಲೋಮೀಟರು. ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ 715ರ ಆಸುಪಾಸಿಗೆ ಬರುತ್ತದೆ. ಕಾಗದ ಪೆನ್ಸಿಲುಗಳಿಂದ ಇಷ್ಟು ಹತ್ತಿರಕ್ಕೆ ಬರಬಹುದೆಂಬುದು ನಮಗೂ ಸಂತೋಷದ ಸಂಗತಿಯಾಗಿತ್ತು. ಓದುಗರು ತಮ್ಮ ತಮ್ಮ ಊರುಗಳಿಗೂ ಮಾಡಿ ನೋಡಬಹುದು. ಮಕ್ಕಳಿಂದ ಮಾಡಿಸಿದರೆ ಇನ್ನೂ ಒಳ್ಳೆಯದು.

ನೆಲದ ಮೇಲಿನ ಹಾದಿ ಇದಕ್ಕಿಂತ ಉದ್ದ. ಪನ್ವೇಲ್, ರತ್ನಾಗಿರಿ ಜಿಲ್ಲೆ, ಗೋವಾ, ಕಾರವಾರಗಳ ಮೂಲಕ ಸಾಗುವ ಈಗಿನ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಕೊಂಕಣ ರೈಲಿನಲ್ಲಾಗಲಿ ಸುಮಾರು 900 ಕಿಲೋಮೀಟರು ಆಗುತ್ತದೆ. ನದಿ ಬಂದಲ್ಲಿ ಸೇತುವೆಯ ಜಾಗಕ್ಕೆ ಸರಿಯಬೇಕು, ಗುಡ್ಡ ಬಂದಲ್ಲಿ ಬಳಸಬೇಕು. ಆಕಾಶದಲ್ಲಿ ಆ ತೊಡಕುಗಳಿಲ್ಲ.

ಐವತ್ತೆರಡು ನಿಮಿಷ ಒಂದೂವರೆ ಗಂಟೆಯಾಗುವ ಬಗೆ

ಏರ್‌ಬಸ್ 320, ಬೋಯಿಂಗ್ 737 ಮಾದರಿಯ ವಿಮಾನಗಳು ಎತ್ತರದಲ್ಲಿ ಸಮಗತಿಯಿಂದ ಹಾರುವಾಗ ಗಂಟೆಗೆ ಸುಮಾರು 830 ಕಿಲೋಮೀಟರು ವೇಗದಲ್ಲಿರುತ್ತವೆ. 715 ಕಿಲೋಮೀಟರನ್ನು ಈ ವೇಗದಿಂದ ಭಾಗಿಸಿದರೆ 52 ನಿಮಿಷ ಬರುತ್ತದೆ. ಹಾಗಾದರೆ ಟಿಕೆಟಿನಲ್ಲಿ ಒಂದೂವರೆ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಏಕೆ?

ಮೊದಲನೆಯದಾಗಿ, ವಿಮಾನ ಆ ವೇಗದಲ್ಲಿ ಇರುವುದೇ ಸ್ವಲ್ಪ ಹೊತ್ತು. ಹತ್ತು ಕಿಲೋಮೀಟರಿನಷ್ಟು ಎತ್ತರಕ್ಕೆ ಏರುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಇಳಿಯುವುದಕ್ಕೂ ಅಷ್ಟೇ ಅಥವಾ ಇನ್ನೂ ಸ್ವಲ್ಪ ಹೆಚ್ಚು ಬೇಕು. ಇಳಿಯುವ ಊರಿನಿಂದ ಇನ್ನೂ 200 ಕಿಲೋಮೀಟರು ದೂರದಲ್ಲಿರುವಾಗಲೇ ವಿಮಾನ ಕೆಳಗಿಳಿಯಲು ತೊಡಗುತ್ತದೆ. ಅಂದರೆ ಮುಂಬಯಿ–ಮಂಗಳೂರು ಹಾದಿಯ ಅರ್ಧಕ್ಕಿಂತ ಹೆಚ್ಚು ಭಾಗ ಏರುವುದರಲ್ಲಿ, ಇಳಿಯುವುದರಲ್ಲಿ ಕಳೆಯುತ್ತದೆ. ಅಲ್ಲದೆ ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರು ವೇಗವನ್ನು ಮೀರುವಂತಿಲ್ಲ.

ಎರಡನೆಯದಾಗಿ, ವಿಮಾನ ಎದುರು ಗಾಳಿಗೆ ಮುಖ ಮಾಡಿ ಏರಬೇಕು, ಇಳಿಯಬೇಕು. ಮುಂಬಯಿಯ ಮುಖ್ಯ ರನ್‌ವೇ ಪೂರ್ವ ಪಶ್ಚಿಮವಾಗಿದೆ. ಸಮುದ್ರದಿಂದ ಗಾಳಿ ಬೀಸುವಾಗ ವಿಮಾನ ಪಶ್ಚಿಮಕ್ಕೆ ಓಡಿ, ಜುಹೂ ದಂಡೆಯ ಕಡೆಯಿಂದ ಸಮುದ್ರದ ಮೇಲೆ ಹಾರಿ, ಆಮೇಲೆ ಎಡಕ್ಕೆ ತಿರುಗಿ ದಕ್ಷಿಣದ ದಾರಿ ಹಿಡಿಯುತ್ತದೆ. ಮಂಗಳೂರಿನಲ್ಲಿಯೂ ರನ್‌ವೇಯ ನೇರಕ್ಕೆ ಬರಲು ಬಳಸು ದಾರಿ ಹಿಡಿಯಬೇಕಾಗುತ್ತದೆ. ನಕ್ಷೆಯ ಗೆರೆಗೆ ಈ ತಿರುವುಗಳೆಲ್ಲ ಸೇರಿಕೊಳ್ಳುತ್ತವೆ.

ಮೂರನೆಯದು, ಟಿಕೆಟಿನ ಸಮಯ ಹಾರಾಟದ ಸಮಯವೇ ಅಲ್ಲ. ನಿಂತ ವಿಮಾನದ ಚಕ್ರಗಳಿಗೆ ಕೊಟ್ಟ ಅಡ್ಡಗಟ್ಟೆಗಳನ್ನು ತೆಗೆದು ಅದು ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಮತ್ತೆ ನಿಂತು ಅಡ್ಡಗಟ್ಟೆ ಕೊಡುವ ಕ್ಷಣದವರೆಗಿನ ಕಾಲ ಅದು. ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಮುಂಬಯಿಯಲ್ಲಿ ಎರಡು ರನ್‌ವೇಗಳು ಇವೆಯಾದರೂ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಆದುದರಿಂದ ಎರಡನ್ನೂ ಒಂದೇ ಹೊತ್ತಿಗೆ ಸ್ವತಂತ್ರವಾಗಿ ಬಳಸುವಂತಿಲ್ಲ. ಒಂದೇ ರನ್‌ವೇಯ ಮೇಲೆ ಗಂಟೆಗೆ ನಲವತ್ತಕ್ಕೂ ಹೆಚ್ಚು ವಿಮಾನಗಳು ಏರಿ ಇಳಿಯುವ ಆ ನಿಲ್ದಾಣದಲ್ಲಿ, ಸಾಲಿನಲ್ಲಿ ಕಾಯುತ್ತ ಹದಿನೈದು ಇಪ್ಪತ್ತು ನಿಮಿಷ ನೆಲದ ಮೇಲೆಯೇ ಕಳೆಯುವುದು ಸಾಮಾನ್ಯ. ಮರಳುವಾಗ ಇದೇ ಕಾಯುವಿಕೆ ಆಕಾಶದಲ್ಲಿ ನಡೆಯುತ್ತದೆ. ಕಿಟಕಿಯಿಂದ ಅದೇ ದಂಡೆ, ಅದೇ ಬೆಟ್ಟ ಎರಡು ಮೂರು ಸಲ ಕಂಡರೆ ವಿಮಾನ ಸುತ್ತು ಹಾಕುತ್ತಿದೆ ಎಂದು ತಿಳಿಯಬೇಕು. ಇಂಥ ಒಂದೊಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ.

ವಿಮಾನ ಸಂಸ್ಥೆಗಳು ಇದನ್ನೆಲ್ಲ ಬಲ್ಲವರು. ಹೇಳಿದ ಹೊತ್ತಿಗಿಂತ ಹದಿನೈದು ನಿಮಿಷದೊಳಗೆ ತಲುಪಿದ ವಿಮಾನವನ್ನು ಸಕಾಲಕ್ಕೆ ತಲುಪಿದ್ದೆಂದು ಎಣಿಸುವುದು ವಾಡಿಕೆ. ಆ ಲೆಕ್ಕದಲ್ಲಿ ತೇರ್ಗಡೆಯಾಗಲು ವೇಳಾಪಟ್ಟಿಯಲ್ಲಿಯೇ ಒಂದಿಷ್ಟು ಸಮಯವನ್ನು ಮುಂಗಡವಾಗಿ ಸೇರಿಸಿಡುತ್ತಾರೆ. ಕೆಲವೊಮ್ಮೆ ವಿಮಾನ ಅರ್ಧ ಗಂಟೆ ತಡವಾಗಿ ಹೊರಟರೂ ಸರಿಯಾದ ಹೊತ್ತಿಗೆ ಇಳಿಯುವುದರ ಗುಟ್ಟು ಇದೇ.

ಗಾಳಿ, ಮಳೆ ಮತ್ತು ಗುಡ್ಡದ ಮೇಲಿನ ನಿಲ್ದಾಣ

ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ ಏಕೆ ಎಂದು ಹಲವರು ಕೇಳುತ್ತಾರೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಹರಿಯುತ್ತದೆ. ಮುಂಬಯಿಯಿಂದ ಕೋಲ್ಕತ್ತಕ್ಕೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ನೂಕುತ್ತದೆ, ಮರಳುವಾಗ ಎದುರಿನಿಂದ ತಡೆಯುತ್ತದೆ. ನಮ್ಮ ಮುಂಬಯಿ–ಮಂಗಳೂರು ಹಾದಿ ಹೆಚ್ಚಾಗಿ ಉತ್ತರ ದಕ್ಷಿಣವಾಗಿರುವುದರಿಂದ ಈ ಗಾಳಿ ಪಕ್ಕದಿಂದ ತಾಗುತ್ತದೆಯೇ ಹೊರತು ಸಮಯವನ್ನು ಅಷ್ಟಾಗಿ ಕಡಿಮೆ ಹೆಚ್ಚು ಮಾಡುವುದಿಲ್ಲ. ಇಲ್ಲಿ ವ್ಯತ್ಯಾಸವಾಗುವುದು ಬಹುಮಟ್ಟಿಗೆ ಮುಂಬಯಿಯ ಸಂದಣಿಯಿಂದ ಮತ್ತು ಮಳೆಯಿಂದ.

ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. 1951ರಲ್ಲಿ ಆರಂಭವಾದ ಈ ನಿಲ್ದಾಣದ ಹಳೆಯ ರನ್‌ವೇ 1,600 ಮೀಟರಿನಷ್ಟು ಉದ್ದವಿತ್ತು. 2006ರಲ್ಲಿ 2,450 ಮೀಟರು ಉದ್ದದ ಹೊಸ ರನ್‌ವೇ ಬಳಕೆಗೆ ಬಂದ ಮೇಲೆ ದೊಡ್ಡ ವಿಮಾನಗಳೂ, ಅದೇ ವರ್ಷದಿಂದ ಕೊಲ್ಲಿ ರಾಷ್ಟ್ರಗಳಿಗೆ ನೇರ ವಿಮಾನಗಳೂ ಸಾಧ್ಯವಾದವು. ರನ್‌ವೇಯ ಅಂಚಿನಾಚೆ ಕಣಿವೆ. ಇಂಥ ನಿಲ್ದಾಣವನ್ನು ಟೇಬಲ್‌ಟಾಪ್ ಎಂದು ಕರೆಯುತ್ತಾರೆ.

2010ರ ಮೇ 22ರ ಮುಂಜಾನೆಯನ್ನು ಕರಾವಳಿಯವರು ಮರೆಯುವಂತಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿ, 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ವಿಮಾನ ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬರುತ್ತಿದ್ದಾಗ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಿತ್ತು, ಹಾಗೆ ಮಾಡಲಿಲ್ಲ ಎಂಬುದು ತನಿಖೆಯಲ್ಲಿ ಕಂಡುಬಂದ ಮುಖ್ಯ ಸಂಗತಿ. ಇದನ್ನು ಇಲ್ಲಿ ನೆನೆಯುವುದು ಭಯ ಹುಟ್ಟಿಸುವುದಕ್ಕಲ್ಲ. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದಾಗ ವಿಮಾನ ಇಳಿಯುತ್ತ ಇಳಿಯುತ್ತ ಥಟ್ಟನೆ ಮೇಲೇರಿದರೆ, ಅಥವಾ ಬೆಂಗಳೂರಿಗೆ ತಿರುಗಿದರೆ, ನಮ್ಮಲ್ಲಿ ಹಲವರು ಗೊಣಗುತ್ತೇವೆ. ಗೊಣಗಬಾರದು. ಹೀಗೆ ಬೇರೆ ಊರಿಗೆ ಹೋಗಿ ಇಳಿಯಲು ಬೇಕಾದ ಇಂಧನ, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರಲು ಬೇಕಾದ ಇಂಧನ, ಇವೆರಡನ್ನೂ ಹೊರಡುವಾಗಲೇ ತುಂಬಿಕೊಂಡಿರುತ್ತಾರೆ. ಆ ತಡವೂ ಪ್ರಯಾಣದ ಲೆಕ್ಕದಲ್ಲಿ ಮೊದಲೇ ಸೇರಿದ್ದು.

ಇಪ್ಪತ್ತಾರು ಗಂಟೆಗಳ ಒಂದು ಪ್ರಯಾಣ

ಇಷ್ಟನ್ನು ಹೇಳಿದ ಮೇಲೆ ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ನಮಗಿಂತ ಹಿಂದಿನ ತಲೆಮಾರಿನ ಕೆಲವರು ಹಡಗಿನಲ್ಲಿ ಮುಂಬಯಿಗೆ ಬಂದವರು. ನಮ್ಮ ಕಾಲಕ್ಕೆ ಬಸ್ಸು ಬಂದಿತ್ತು. ರೈಲು ಇತ್ತಾದರೂ ಅದು ದಕ್ಷಿಣ ಭಾರತವನ್ನೆಲ್ಲ ಸುತ್ತಿ ಬರುವ ರೈಲು. ಕೊಂಕಣ ರೈಲ್ವೆಯವರ ಲೆಕ್ಕದಂತೆ ಹಳೆಯ ಹಾದಿ ಸುಮಾರು 2,041 ಕಿಲೋಮೀಟರು, 41 ಗಂಟೆ. ಹೊಸ ಹಾದಿ ಸುಮಾರು 914 ಕಿಲೋಮೀಟರು, 15 ಗಂಟೆ. ಆದರೆ ಆ ಹೊಸ ಹಾದಿ ಪೂರ್ಣವಾಗಿ ತೆರೆದುಕೊಂಡದ್ದು 1998ರ ಜನವರಿ 26ರಂದು.

ನಮ್ಮ ತಂದೆಯವರು ತೀರಿಕೊಂಡದ್ದು 1994ರ ಆಗಸ್ಟಿನಲ್ಲಿ. ನಾವು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶಾಖೆಯ ಫೋನಿಗೆ ಕರೆ ಬಂತು: "ಅಪ್ಪಯ್ಯನಿಗೆ ತೀರಾ ಹುಷಾರಿಲ್ಲ, ಕೂಡಲೇ ಹೊರಡು." ಆಗಲೂ ಮಂಗಳೂರಿಗೆ ವಿಮಾನವಿತ್ತು. ಆದರೆ ಗುಮಾಸ್ತನೊಬ್ಬನ ಮನಸ್ಸಿಗೆ ವಿಮಾನವೆಂಬ ಮಾತೇ ಹೊಳೆಯದ ಕಾಲ ಅದು. ಮೂರು ಗಂಟೆಯ ಬಸ್ಸು ಹಿಡಿದೆವು. ರಾತ್ರಿ ಕಶೇಡಿ ಘಾಟಿಯಲ್ಲಿ ಮಣ್ಣು ಕುಸಿದು ಸಾಲುಗಟ್ಟಿ ನಿಂತ ಲಾರಿಗಳ ಹಿಂದೆ ನಾಲ್ಕು ಗಂಟೆ ನಿಂತೆವು. ಕುಂದಾಪುರದಲ್ಲಿ ಇಳಿದಾಗ ಮರುದಿನ ಸಂಜೆ ಐದು. ಬಸ್ಸು ಹತ್ತಿ 26 ಗಂಟೆ.

ಅಪ್ಪಯ್ಯ ಆ ಬೆಳಿಗ್ಗೆಯೇ ಹೋಗಿದ್ದರು. ಸುರಿಯುವ ಮಳೆಯಲ್ಲಿ ಎಷ್ಟು ಹೊತ್ತು ಕಾಯುವುದು, ಬಸ್ಸು ಎಲ್ಲಿದೆಯೋ ಯಾರಿಗೆ ಗೊತ್ತು ಎಂದು ಊರಿನ ಹಿರಿಯರು ನಿರ್ಧರಿಸಿ, ಮಧ್ಯಾಹ್ನ ಒಂದು ಗಂಟೆಗೆ ತಮ್ಮನ ಕೈಯಿಂದ ಬೆಂಕಿ ಕೊಡಿಸಿದ್ದರು. ಅವರು ಮಾಡಿದ್ದು ಸರಿಯೇ. ನಾವು ಹೋಗಿ ನೋಡಿದ್ದು ಹೊಗೆಯಾಡುತ್ತಿದ್ದ ನೆಲವನ್ನು. ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು ಕೇಳಿದ ಮಾತು ಅದೇ: "ಯಾವಾಗ ಹೊರಟದ್ದು?"

ಇಂಥ ಅನುಭವ ನಮ್ಮೊಬ್ಬರದಲ್ಲ. ಆ ಕಾಲದ ಮುಂಬಯಿ ಕನ್ನಡಿಗರ, ತುಳುವರ, ಕೊಂಕಣಿಗರ ಎಷ್ಟೋ ಮನೆಗಳಲ್ಲಿ ಇದೇ ಕಥೆಯಿದೆ. ಕೊಂಕಣ ರೈಲಿಗಾಗಿ ಮುಂಬಯಿಯ ನಮ್ಮವರು ದಶಕಗಳ ಕಾಲ ಹಂಬಲಿಸಿದ್ದು ರಜೆಯ ಪ್ರಯಾಣದ ಸುಖಕ್ಕಾಗಿ ಮಾತ್ರವಲ್ಲ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದನ್ನು ನಮ್ಮ ಜನ ಇಂದಿಗೂ ನೆನೆಯುವುದು ಇದೇ ಕಾರಣಕ್ಕೆ.

ಬಾಗಿಲಿನಿಂದ ಬಾಗಿಲಿಗೆ

ಎರಡನೆಯ ಕರೆ ಬಂದದ್ದು 2019ರ ಜನವರಿಯಲ್ಲಿ, ರಾತ್ರಿ ಹತ್ತೂವರೆಗೆ. ಅಮ್ಮನನ್ನು ಉಡುಪಿಯ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ತಮ್ಮ ಹೇಳಿದ. ಫೋನನ್ನು ಕೆಳಗಿಟ್ಟು ನಾವು ಮೊದಲು ಮಾಡಿದ ಕೆಲಸವೆಂದರೆ ಕಾಗದದ ಮೇಲೆ ಲೆಕ್ಕ ಹಾಕಿದ್ದು. ಮಧ್ಯಾಹ್ನದ ಮತ್ಸ್ಯಗಂಧಾ ರೈಲು ಅಂದು ಹೋಗಿಯಾಗಿತ್ತು. ಮರುದಿನದ್ದನ್ನು ಹಿಡಿದರೆ ಉಡುಪಿ ತಲುಪುವುದು ಅದರ ಮರುದಿನ. ಬಸ್ಸಿನದ್ದೂ ಹೆಚ್ಚುಕಡಿಮೆ ಅದೇ ಕಥೆ. ಬೆಳಗಿನ ಆರೂವರೆಯ ವಿಮಾನವೊಂದೇ ಉಳಿದ ದಾರಿ.

ಆ ಪ್ರಯಾಣದ ಸಮಯವನ್ನು ನಾವು ಬರೆದಿಟ್ಟುಕೊಂಡಿದ್ದೇವೆ. ಮನೆ ಬಿಟ್ಟದ್ದು ಮೂರು ಗಂಟೆಗೆ. ವಿಮಾನ ನಿಲ್ದಾಣ ತಲುಪಿದ್ದು ನಾಲ್ಕೂ ಹತ್ತಕ್ಕೆ. ನಸುಕಿನ ಖಾಲಿ ರಸ್ತೆಯಾದ್ದರಿಂದ ಅಷ್ಟು ಬೇಗ, ಹಗಲಾಗಿದ್ದರೆ ಎರಡು ಗಂಟೆ ಬೇಕಿತ್ತು. ತಪಾಸಣೆ, ಕಾಯುವಿಕೆ ಎಲ್ಲ ಸೇರಿ ಎರಡು ಗಂಟೆ ಇಪ್ಪತ್ತು ನಿಮಿಷ. ವಿಮಾನ ಕದಲಿ ಮತ್ತೆ ನಿಲ್ಲುವವರೆಗೆ ಒಂದೂವರೆ ಗಂಟೆ. ಕೈಚೀಲ ಮಾತ್ರ ಇದ್ದುದರಿಂದ ಇಪ್ಪತ್ತು ನಿಮಿಷದಲ್ಲಿ ಹೊರಗೆ. ಬಜಪೆಯಿಂದ ಉಡುಪಿಗೆ ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ. ಮನೆ ಬಿಟ್ಟು ಆರು ಗಂಟೆ ಐವತ್ತು ನಿಮಿಷ. ಕರೆ ಬಂದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇದರಲ್ಲಿ ಟಿಕೆಟಿನ ಸಮಯ ಕಾಲು ಭಾಗವೂ ಇಲ್ಲ.

ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರು ಬಡ್ಡಿ ಎಷ್ಟು ಎಂದಷ್ಟೇ ಕೇಳುತ್ತಾರೆ. ಆದರೆ ಅವರ ಕೈಯಿಂದ ಹೋಗುವುದು ಬಡ್ಡಿ ಮಾತ್ರವಲ್ಲ. ಪ್ರೊಸೆಸಿಂಗ್ ಶುಲ್ಕ, ಸ್ಟ್ಯಾಂಪು, ವಿಮೆ, ವಕೀಲರ ವೆಚ್ಚ ಎಲ್ಲವೂ ಸೇರುತ್ತವೆ. ಎರಡು ಸಾಲಗಳನ್ನು ಹೋಲಿಸಬೇಕಾದರೆ ಒಟ್ಟು ವೆಚ್ಚವನ್ನು ಹೋಲಿಸಬೇಕು. ಹಾರಾಟದ ಸಮಯವೆಂದರೆ ಬಡ್ಡಿಯ ದರ. ಬಾಗಿಲಿನಿಂದ ಬಾಗಿಲಿಗೆ ತಗಲುವ ಕಾಲವೇ ಒಟ್ಟು ವೆಚ್ಚ.

ಹೀಗೆ ಹೋಲಿಸಿದಾಗ ಎಲ್ಲ ಸಂದರ್ಭದಲ್ಲಿಯೂ ವಿಮಾನವೇ ಮೇಲು ಎಂದೇನೂ ಇಲ್ಲ. ಮದುವೆ, ಕೋಲ, ರಥೋತ್ಸವಗಳಿಗೆ ಮೊದಲೇ ದಿನ ಗೊತ್ತಿದ್ದು ಹೋಗುವವರಿಗೆ ರಾತ್ರಿ ರೈಲು ಹದಿನೈದು ಹದಿನಾರು ಗಂಟೆ ತೆಗೆದುಕೊಂಡರೂ ಅದರಲ್ಲಿ ಎಂಟು ಗಂಟೆ ನಿದ್ರೆಯೇ ಆಗಿರುತ್ತದೆ. ಮನೆಯ ಹತ್ತಿರದ ಕುಂದಾಪುರ, ಬಾರ್ಕೂರು, ಉಡುಪಿ, ಮುಲ್ಕಿ ನಿಲ್ದಾಣಗಳಲ್ಲಿ ಇಳಿಯಬಹುದು. ವಿಮಾನದವರು ಮಂಗಳೂರಿನವರೆಗೆ ಹೋಗಿ ಹಿಂದಕ್ಕೆ ಬರಬೇಕು. ಬೈಂದೂರಿನವರಿಗೆ ಈ ಹಿಂದಿನ ದಾರಿಯೇ ಮೂರು ಗಂಟೆಯಷ್ಟಾಗುತ್ತದೆ. ವಿಮಾನದ ನಿಜವಾದ ಬೆಲೆ ತಿಳಿಯುವುದು ಕರೆ ಬಂದ ರಾತ್ರಿ.

ಕರೆ ಬಂದಾಗ ಮಾಡಬೇಕಾದ ಲೆಕ್ಕ

ಅಂಥ ರಾತ್ರಿ ಬಾರದಿರಲಿ ಎಂದೇ ನಮ್ಮ ಹಾರೈಕೆ. ಆದರೆ ದೂರದ ಊರಿನಲ್ಲಿ ಬದುಕುವವರ ಮನೆಗೆ ಅದು ಒಂದಲ್ಲ ಒಂದು ದಿನ ಬರುತ್ತದೆ. ಆಗ ಉಪಯೋಗಕ್ಕೆ ಬರಬಹುದಾದ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲು, ಕರೆ ಬಂದ ಹೊತ್ತಿನಿಂದ ಲೆಕ್ಕ ಹಾಕಿ, ವಿಮಾನ ಹೊರಡುವ ಹೊತ್ತಿನಿಂದಲ್ಲ. ಮಧ್ಯಾಹ್ನಕ್ಕೆ ಮೊದಲು ಸುದ್ದಿ ತಿಳಿದು, ಅಂದಿನ ವಿಮಾನಗಳಲ್ಲಿ ಜಾಗ ದೊರೆಯದಿದ್ದರೆ, ಮರುದಿನ ಮಧ್ಯಾಹ್ನದ ವಿಮಾನಕ್ಕಾಗಿ ಕಾಯುವುದಕ್ಕಿಂತ ಅಂದೇ ಹೊರಡುವ ರೈಲು ನಿಮ್ಮನ್ನು ಮೊದಲು ತಲುಪಿಸಬಹುದು. ಮಳೆಗಾಲದಲ್ಲಿ, ಜೂನ್ ನಡುವಿನಿಂದ ಅಕ್ಟೋಬರದವರೆಗೆ, ಕೊಂಕಣ ರೈಲುಗಳಿಗೆ ಬೇರೆಯೇ ವೇಳಾಪಟ್ಟಿ ಇರುತ್ತದೆ. ವೇಗ ಕಡಿಮೆ, ಹೊರಡುವ ಹೊತ್ತೂ ಬದಲಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯದು, ಕೈಚೀಲವೊಂದರಲ್ಲೇ ಹೊರಡಿ. ಏಳು ಕಿಲೋ ಒಳಗಿನ ಚೀಲವಿದ್ದು, ಬೋರ್ಡಿಂಗ್ ಪಾಸನ್ನು ಮೊಬೈಲಿನಲ್ಲೇ ಪಡೆದುಕೊಂಡರೆ ಎರಡು ಕಡೆಯೂ ಸೇರಿ ಒಂದು ಗಂಟೆಯವರೆಗೆ ಉಳಿಯುತ್ತದೆ. ಸಾಮಾನು ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹತ್ತುವ ದ್ವಾರ ಇಪ್ಪತ್ತೈದು ನಿಮಿಷ ಮೊದಲು. ಮೂಲ ಗುರುತಿನ ಚೀಟಿಗಳನ್ನು ಮನೆಯ ಒಂದು ನಿಶ್ಚಿತ ಜಾಗದಲ್ಲಿ ಇಟ್ಟಿರಿ. ಕೈಕಾಲು ನಡುಗುವ ಹೊತ್ತಿನಲ್ಲಿ ಕಪಾಟು ಹುಡುಕುವಂತಾಗಬಾರದು.

ಮೂರನೆಯದು, ಯಾವ ನಿಲ್ದಾಣ, ಯಾವ ಟರ್ಮಿನಲ್ಲು ಎಂಬುದನ್ನು ಎರಡು ಸಲ ಓದಿ. ಸಾಂತಾಕ್ರೂಜ್ ಕಡೆಯ ಒಂದನೆಯ ಟರ್ಮಿನಲ್ಲು, ಸಹಾರ್ ಕಡೆಯ ಎರಡನೆಯ ಟರ್ಮಿನಲ್ಲು, ಎರಡಕ್ಕೂ ಬೇರೆ ಬೇರೆ ದಾರಿ. 2025ರಲ್ಲಿ ಉದ್ಘಾಟನೆಗೊಂಡ ನವಿ ಮುಂಬಯಿ ವಿಮಾನ ನಿಲ್ದಾಣವಂತೂ ಬೇರೆಯೇ ದಿಕ್ಕಿನಲ್ಲಿದೆ. ಪನ್ವೇಲ್, ನವಿ ಮುಂಬಯಿ ಕಡೆಯವರಿಗೆ ಅದು ಹತ್ತಿರ, ಬೊರಿವಲಿಯವರಿಗೆ ದೂರ. ಹಗಲಿನಲ್ಲಿ ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ಹೊರಡುವವರು ರಸ್ತೆಯನ್ನು ನಂಬುವುದಕ್ಕಿಂತ ಲೋಕಲಿನಲ್ಲಿ ಘಾಟ್ಕೋಪರಿಗೆ ಬಂದು, ಅಲ್ಲಿಂದ ಮೆಟ್ರೋ ಹಿಡಿದು, ಮರೋಳ್ ನಾಕಾದಲ್ಲಿ ಬದಲಿಸಿ ಎರಡನೆಯ ಟರ್ಮಿನಲ್ಲು ತಲುಪುವುದು ಹೆಚ್ಚು ನಂಬಿಕೆಯ ದಾರಿ.

ನಾಲ್ಕನೆಯದು, ಸಾಧ್ಯವಾದರೆ ದಿನದ ಕೊನೆಯ ವಿಮಾನವನ್ನು ನೆಚ್ಚಬೇಡಿ. ಒಂದೇ ವಿಮಾನ ಬೆಳಗಿನಿಂದ ಹಲವು ಊರು ಸುತ್ತುವುದರಿಂದ ಬೆಳಗಿನ ಹತ್ತು ನಿಮಿಷದ ತಡ ರಾತ್ರಿಯ ಹೊತ್ತಿಗೆ ಗಂಟೆಯಾಗಿ ಬೆಳೆದಿರುತ್ತದೆ. ಅದು ರದ್ದಾದರೆ ಮುಂದಿನದ್ದಕ್ಕೆ ರಾತ್ರಿಯಿಡೀ ಕಾಯಬೇಕು.

ಐದನೆಯದು, ಮಂಗಳೂರಿಗೆ ಜಾಗ ಸಿಗದಿದ್ದರೆ ಬೆಂಗಳೂರಿನ ಮೂಲಕ ಹೋಗುವ ಸಂಪರ್ಕ ವಿಮಾನವನ್ನು ನೋಡಿ. ಕಾರವಾರ, ಅಂಕೋಲೆಗಳ ಕಡೆಯವರಿಗೆ ಗೋವೆಯ ದಾಬೋಲಿಮ್ ನಿಲ್ದಾಣವೇ ಮಂಗಳೂರಿಗಿಂತ ಹತ್ತಿರ. ಗೋವೆಯಲ್ಲಿ 2023ರಿಂದ ಮೋಪಾದಲ್ಲಿ ಇನ್ನೊಂದು ನಿಲ್ದಾಣವೂ ನಡೆಯುತ್ತಿದೆ. ಅದು ಉತ್ತರಕ್ಕಿರುವುದರಿಂದ ಕಾರವಾರಕ್ಕೆ ದೂರವಾಗುತ್ತದೆ.

ಆರನೆಯದು ಎಲ್ಲಕ್ಕಿಂತ ಮುಖ್ಯ. ಊರಿನಲ್ಲಿ ಕಾಯುವವರಿಗೆ ವಿಮಾನದ ಸಮಯವನ್ನು ಹೇಳಬೇಡಿ, ಮನೆಬಾಗಿಲು ತಲುಪುವ ಸಮಯವನ್ನು ಹೇಳಿ. "ಎಂಟಕ್ಕೆ ಮಂಗಳೂರು" ಎಂದರೆ ಅವರು ಎಂಟೂವರೆಗೆ ದಾರಿ ನೋಡಲು ತೊಡಗುತ್ತಾರೆ. "ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಇರುತ್ತೇವೆ" ಎಂದರೆ ಅವರಿಗೂ ನೆಮ್ಮದಿ. 1994ರಲ್ಲಿ ನಾವು ಎಷ್ಟು ಗಂಟೆಗೆ ತಲುಪುತ್ತೇವೆಂದು ಹೇಳಬಲ್ಲವರಿದ್ದಿದ್ದರೆ ಊರಿನವರು ಇನ್ನು ನಾಲ್ಕು ಗಂಟೆ ಕಾಯುತ್ತಿದ್ದರೋ ಏನೋ. ಆ ವಿಚಾರ ನಮ್ಮನ್ನು ಈಗಲೂ ಬಿಟ್ಟಿಲ್ಲ.

ಅಂದು ಆಸ್ಪತ್ರೆಯಲ್ಲಿ ಅಮ್ಮನಿಗೆ ಎಚ್ಚರವಿತ್ತು. ನಮ್ಮನ್ನು ಕಂಡು, ಮೂಗಿನ ನಳಿಗೆಯನ್ನು ಕೈಯಿಂದ ಸರಿಸಿಕೊಂಡು, ಕುಂದಾಪ್ರ ಕನ್ನಡದಲ್ಲಿ ಕೇಳಿದರು: "ಯಾವಾಗ ಹೊರ್ಟದ್ ಮಗಾ?"

ಒಂದೂವರೆ ಗಂಟೆ ಎಂದು ನಾವು ಹೇಳಲಿಲ್ಲ. "ಮೂರು ಗಂಟೆಗೆ, ಅಮ್ಮ" ಎಂದೆವು. ಅವರು ಕಿಟಕಿಯ ಬಿಸಿಲನ್ನು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಬಳಿಕ ತಮ್ಮನ ಕಡೆ ತಿರುಗಿ, ಇವನಿಗೆ ಮೊದಲು ಕಾಫಿ ಕೊಡಿಸು ಎಂದರು. ಆಮೇಲೆ ನಾಲ್ಕು ದಿನ ಅವರ ಬಳಿಯಲ್ಲೇ ಇದ್ದೆವು.